ಹನ್ನೊಂದನೆಯ ಪ್ರಯಾಣ

ನೀರು ಕೊಣ್ಣೂರಿನ ಸೇತುವೆ ಹತ್ತಿದೆ, ಕೆಂಪು, ದಪ್ಪ, ಅವಸರವಿಲ್ಲದ ನೀರು, ಬಸ್ಸು ಹಿಂದಕ್ಕೆ ಹೊರಳುತ್ತಿದೆ, ಶಬನಮಳಿಗೆ ಹಾಯೆನಿಸಿತು — ಹಾಯೇ? ಹತ್ತು ಸಲ ಬ್ಯಾಗು ಬೆನ್ನಿಗೇರಿಸಿ ಒಬ್ಬಳೇ ದೇಶ ತಿರುಗಿದವಳಿಗೆ ಹನ್ನೊಂದನೆಯ ಸಲ ದಾರಿ ಕಟ್ಟಾದರೆ ಹಾಯೆನಿಸಬೇಕೆ, ಇಪ್ಪತ್ತೆರಡರ ವಯಸ್ಸಿನಲ್ಲಿ ಮೊದಲು ಹೊರಟಾಗ ನಿಶ್ಚಯವಾದ ಮದುವೆ ಮುರಿದಿತ್ತು, ಗಜೇಂದ್ರಗಡದ ಓಣಿಯ ಕಣ್ಣುಗಳಿಂದ ತಪ್ಪಿಸಿಕೊಂಡರೆ ಸಾಕಿತ್ತು, ಆಮೇಲೆ ಹೋದದ್ದು ಫೋಟೋ ತೆಗೆದು ಅದೇ ಓಣಿಗೆ ತೋರಿಸಲಿಕ್ಕೆ, ಆಮೇಲೆ ಫೋಟೋವೂ ಬೇಡವಾಗಿ, ಮಾತು ತಿಳಿಯದ ಊರಲ್ಲಿ ಯಾರದೋ ಒಲೆ ಮುಂದೆ ಕೂತು ರೊಟ್ಟಿ ಬಡಿಯುವುದೇ ಸುಖವಾಗಿ, ಈಗ? ಮತ್ತ ಯಾಕ ಹೊಂಟಿಯವಾ ಎಂದು ಅಮ್ಮಿ ಮೊನ್ನೆ ಕೇಳಿದಾಗ ಬ್ಯಾಗಿನ ಜಿಪ್ಪು ಎಳೆದಳು, ರೂಢಿ ಎನ್ನಲೂ ನಾಚಿಕೆ, ನರಗುಂದದಲ್ಲಿ ಅಕ್ಕ ಗುಲ್ಷನಳ ಮನೆಯಲ್ಲಿ ಎರಡು ದಿನ ಸುಮ್ಮನೆ ಕೂತದ್ದೂ ಆ ಯಾಕ ತಿಳಿಯದ್ದಕ್ಕೇ — ಪಕ್ಕದ ಸೀಟಿನ ಹುಡುಗಿ ಮೊಣಕೈ ತಟ್ಟುತ್ತಿದ್ದಾಳೆ, ಶಿರೋಳದ ದುರ್ಗಾ, ಬಸ್ಸು ಹತ್ತಿದಾಗಿನಿಂದ ಮಾತು ನಿಲ್ಲಿಸಿಲ್ಲ, ಮೊದಲ ಸಲ, ಒಬ್ಬಳೇ, ಅಜಂತಾಕ್ಕೆ, ಹೊಸ ಬ್ಯಾಗಿನ ಬೆಲೆಚೀಟಿ ಕೂಡ ಕಿತ್ತಿಲ್ಲ, ಅಕ್ಕಾರ, ಈಗ ವಾಪಸ್ ಮನಿಗಿ ಹೋದ್ರ ಮತ್ತ ನನ್ನ ಬಿಡಂಗಿಲ್ರಿ, ಬ್ಯಾರೆ ದಾರಿ ಐತೇನ್ರಿ, ಐತಿ, ಎಂದಳು ಶಬನಮ, ರೋಣದ ಮ್ಯಾಲೆ ಗಜೇಂದ್ರಗಡ, ಅಲ್ಲಿಂದ ಇಳಕಲ್ಲ, ನಾನೂ ಗಜೇಂದ್ರಗಡತನಕ ಬರ್ತೀನಿ, ಅಲ್ಲೇ ನನ್ನ ಮನಿ — ಹೌದು, ಮನೆ, ಬ್ಯಾಗನ್ನು ಅಟ್ಟಕ್ಕೆ ಹಾಕಿಬಿಡುವುದು, ಮೂವತ್ತೈದಾಯಿತು, ಸಾಕು, ನರಗುಂದಕ್ಕೆ ಮರಳಿ ಹತ್ತಿದ ರೋಣದ ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ ಹುಡುಗಿ ನೋಡುತ್ತಾಳೆ, ಕರಿ ಹೊಲ, ಹೆಸರುಕಾಯಿ ಬಿಡಿಸುವ ಹೆಂಗಸರು, ಎಮ್ಮೆ, ಹುಟ್ಟಿದಾಗಿನಿಂದ ಕಂಡದ್ದನ್ನೇ ಪರದೇಶದಂತೆ, ಅಕ್ಕಾರ, ನಿಮಗ ಈಗ ಅಂಜಿಕಿ ಆಗಂಗಿಲ್ಲಲ್ರಿ, ಇಲ್ಲ, ಎಂದಳು ಶಬನಮ, ಇಲ್ಲ, ಯಾವಾಗಿನಿಂದ ಇಲ್ಲ, ಕೊನೆಯ ಸಲ ಅಂಜಿದ್ದು ಯಾವ ಊರಲ್ಲಿ, ಗಜೇಂದ್ರಗಡ ಬಂತು, ಇಳಕಲ್ ಬಸ್ಸು ಹೊರಡಲು ಗುರ್ರೆನ್ನುತ್ತಿದೆ, ಓಡುವ ದುರ್ಗಾಳ ಬ್ಯಾಗು ಸೊಂಟದ ಕೆಳಗೆ ಜೋತಾಡುತ್ತಿದೆ, ತಡಿ, ಹಿಂಗ ಹಾಕ್ಕೊಂಡ್ರ ಬೆನ್ನ ಹೋಗ್ತದ, ಎದುರು ನಿಂತು ಬ್ಯಾಗಿನ ಪಟ್ಟಿ ಎಳೆದು ಬಿಗಿಯುವಾಗ ಅಂಗೈಗೆ ಬಡಿಯಿತು, ಹುಡುಗಿಯ ಎದೆ, ಪಟ್ಟಿಯ ಕೆಳಗೆ, ಡವಡವ, ಅಂಜಿದ್ದಾಳೆ, ಆದರೂ ನಗುತ್ತಿದ್ದಾಳೆ, ನೀವೂ ಬರ್ರಲ್ಲ ಅಕ್ಕಾರ, ಕಂಡಕ್ಟರ ಸೀಟಿ ಊದಿದ, ಬಸ್ಸು ಹೋಯಿತು, ಶಬನಮ ಹತ್ತಲಿಲ್ಲ, ಮನೆಯ ಓಣಿ ಎದುರಿಗೇ ಇದೆ, ಕಾಲು ಅತ್ತಲೂ ಏಳುತ್ತಿಲ್ಲ, ಅಂಗೈ ಮಾತ್ರ ಇನ್ನೂ ಮಿಡಿಯುತ್ತಿದೆ, ಇದಕ್ಕೇ, ಇಷ್ಟು ವರ್ಷ ಹೋದದ್ದು ಈ ಅಂಜಿಕೆಗೇ, ಪಟ್ಟಿಯ ಕೆಳಗೆ ಎದೆ, ಡವಡವ, ಪಟ್ಟಿಯ ಕೆಳಗೆ ಎದೆ —