ಮೂರು ಕಾಲಿನ ಕುದುರೆ

ನಾನೊಂದು ಮಡಿಸುವ ಸ್ಟೂಲು. ಕುರ್ಚಿಗಳ ಕುಲದಲ್ಲಿ ನನಗೆ ಅಷ್ಟೇನೂ ಮರ್ಯಾದೆಯಿಲ್ಲ. ಬೆನ್ನಿಲ್ಲ, ತೋಳಿಲ್ಲ, ಇರುವುದು ಮೂರು ಕಾಲು, ಒಂದು ತುಂಡು ಚರ್ಮ. ಆದರೆ ಮೂರು ಕಾಲು ಇರುವವರಿಗೆ ಮೂರು ಕಾಲವೂ ತಿಳಿದಿರುತ್ತದೆ. ಹಾಗಾಗಿ ಭೂತಕಾಲದಿಂದ ಶುರು ಮಾಡುತ್ತೇನೆ. ಕೂತು ಕೇಳಿ. ನನ್ನ ಮೇಲೆ ಬೇಡ, ವಯಸ್ಸಾಗಿದೆ.

ನಾನು ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಪೀರ್ ಸಾಬರ ಅಂಗಡಿಯಲ್ಲಿ. ಅವರು ಕುದುರೆಗಳಿಗೆ ಜೀನು, ಲಗಾಮು ಹೊಲಿಯುತ್ತಿದ್ದರು. ಒಂದು ಬೆಳಿಗ್ಗೆ ಹೆಣ್ಣುಮಕ್ಕಳ ಸ್ಕೂಲಿನ ಡ್ರಾಯಿಂಗ್ ಟೀಚರು ಚೆಲುವಾಜಮ್ಮಣ್ಣಿ ತಮ್ಮ ತಂದೆಯ ಹಳೆಯ ಜೀನೊಂದನ್ನು ಹೊತ್ತು ತಂದರು. ತಂದೆ ಕುದುರೆ ಸವಾರಿ ಕಲಿಸುತ್ತಿದ್ದವರು. ಊರಿನ ಗಂಡುಹುಡುಗರನ್ನೆಲ್ಲ ಕುದುರೆ ಹತ್ತಿಸಿದರು, ಮಗಳನ್ನು ಬಿಟ್ಟು.

“ಕುದುರೆ ಮೇಲೆ ಕೂರೋ ಯೋಗ ನನಗೆ ಬರಲಿಲ್ಲ ಸಾಬ್ರೇ. ಇದರ ಮೇಲೆ ಕೂತು ಕುದುರೆ ಬರೆಯೋ ಹಾಗಾದ್ರೂ ಏನಾದ್ರೂ ಮಾಡಿಕೊಡಿ” ಎಂದರು.

“ನಾಲ್ಕು ಕಾಲು ಹಾಕಲಾ ಅಮ್ಮ, ಮೂರಾ?”

“ಮೂರು ಸಾಕು. ನಾಲ್ಕಿದ್ರೆ ಓಡಿಹೋದೀತು.”

ಹಾಗೆ ಜೀನಿನ ಚರ್ಮ ಹೊದ್ದು, ಮೂರು ಬೀಟೆ ಕೋಲುಗಳ ಮೇಲೆ ನಾನು ಎದ್ದು ನಿಂತೆ. ಅಮ್ಮಣ್ಣಿಯವರು ನನ್ನನ್ನು ‘ಮೂರು ಕಾಲಿನ ಕುದುರೆ’ ಎಂದು ಕರೆದರು. ಹುಲ್ಲಿನ ಖರ್ಚಿಲ್ಲದ ಕುದುರೆ.

ಅಣಕಿಸುವುದು ನನ್ನ ಹುಟ್ಟುಗುಣ. ಹಳೆಯ ಚರ್ಮ ನೋಡಿ, ಯಾರು ಕೂತರೂ ಅವರ ದನಿಯಲ್ಲೇ ಕಿರುಗುಟ್ಟುತ್ತದೆ. ಹೆಡ್‌ಮಿಸ್ಟ್ರೆಸ್ ಕೂತಾಗ ‘ಸೈಲೆನ್ಸ್!’ ಎಂದ ಹಾಗೆ ಕೀರಿದ್ದೆ. ಬೀಗರು ಕೂತಾಗ ಹೊರಡಿಸಿದ ಸದ್ದನ್ನು ಇಲ್ಲಿ ಬರೆಯುವಂತಿಲ್ಲ. ಅಮ್ಮಣ್ಣಿಯವರು ಕೂತಾಗ ಮಾತ್ರ ಸದ್ದೇ ಬರುತ್ತಿರಲಿಲ್ಲ. ಪೆನ್ಸಿಲ್ ಹಿಡಿದರೆ ಅವರು ಅಷ್ಟು ಹಗುರವಾಗುತ್ತಿದ್ದರು.

ಸಂಜೆ ಹೊತ್ತು ನಾವು ಟಾಂಗಾ ಸ್ಟ್ಯಾಂಡಿನಲ್ಲಿರುತ್ತಿದ್ದೆವು. ಅವರು ಕುದುರೆಗಳ ಮುಖ ಬರೆಯುತ್ತಿದ್ದರು. ನಾನು ಕೆಳಗಿನಿಂದ ಅವರ ಗಲ್ಲ ನೋಡುತ್ತಿದ್ದೆ. ಯಾವನಾದರೂ ಚಾಟಿ ಎತ್ತಿದರೆ ಮುಗಿಯಿತು, ನಾನು ಖಾಲಿ. “ಏಯ್, ನಿನ್ನನ್ನ ಗಾಡಿಗೆ ಕಟ್ಟಿ ನಾನು ಹೊಡೀಲೇನೋ?” ಎಂದು ಬೀದಿಯ ನಡುವೆಯೇ ನಿಲ್ಲುತ್ತಿದ್ದರು. ಟಾಂಗಾದವರು ಅವರನ್ನು ದೂರದಿಂದ ಕಂಡ ಕೂಡಲೇ ಚಾಟಿಯನ್ನು ಸೀಟಿನ ಕೆಳಗೆ ತುರುಕುತ್ತಿದ್ದರು.

ಮಗಳು ನಳಿನಿಯೂ ಅದೇ ಅಚ್ಚು. ತಾಯಿ ಬರೆಯುವುದು ನಿಂತ ಕುದುರೆ, ಮಗಳು ಬರೆಯುವುದು ಓಡುವ ಕುದುರೆ. ಇದಕ್ಕೇ ಇಬ್ಬರಿಗೂ ಜಗಳ. “ನಿಮ್ಮ ಕುದುರೆ ರೇಷನ್ ಕ್ಯೂನಲ್ಲಿ ನಿಂತ ಹಾಗಿದೆ ಅಮ್ಮ” ಎಂದು ಇವರು. “ನಿನ್ನದು ಸಾಲಗಾರರನ್ನ ಕಂಡ ಹಾಗೆ ಓಡ್ತಿದೆ” ಎಂದು ಅವರು. ಬೇಸಿಗೆ ರಜೆ ಬಂದರೆ ಜಗಳವನ್ನೂ ನನ್ನನ್ನೂ ಕಟ್ಟಿಕೊಂಡು ರೈಲು ಹತ್ತುತ್ತಿದ್ದರು. ಬೇಲೂರು, ಬಾದಾಮಿ, ಹಂಪೆ. ದೇವರ ದರ್ಶನಕ್ಕೆ ಹೋದವರು ಕಂಬದಲ್ಲಿ ಕೆತ್ತಿದ ಕುದುರೆಯ ಮುಂದೆ ಕೂತುಬಿಡುತ್ತಿದ್ದರು. ಬೋಗಿಯಲ್ಲಿ ಎಲ್ಲರೂ ಸೀಟಿಗಾಗಿ ಹೊಡೆದಾಡುವಾಗ ನಮಗೆ ಚಿಂತೆಯಿರಲಿಲ್ಲ. ನಾನೇ ಸೀಟು.

ನಳಿನಿಗೆ ಮಗಳು ಹುಟ್ಟಿದಳು. ಇಳಾ. ಅವಳಿಗೆ ಎಂಟು ತುಂಬಿದ ಬೇಸಿಗೆಯಲ್ಲಿ ಮೂವರೂ ಹರಿಹರಕ್ಕೆ ಹೊರಟರು. ಅರಸೀಕೆರೆ ದಾಟಿದ ಮೇಲೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಎದುರಿನಿಂದ ಇನ್ನೊಂದು ಗಾಡಿ ಬರಬೇಕು, ತಡವಾಗುತ್ತದೆ ಎಂದರು. ಕಿಟಕಿಯಾಚೆ ಮರದ ನೆರಳಿನಲ್ಲಿ ಒಂದು ಟಾಂಗಾ. ಅದರ ಮುದಿ ಕುದುರೆ ಕತ್ತು ಬಗ್ಗಿಸಿ ತೊಟ್ಟಿಯ ನೀರು ಕುಡಿಯುತ್ತಿತ್ತು.

“ಅಮ್ಮ, ಆ ಕತ್ತು ನೋಡಿ!” ಎಂದು ನಳಿನಿ ಹೇಳುವಷ್ಟರಲ್ಲಿ ಅಮ್ಮಣ್ಣಿಯವರು ನನ್ನನ್ನು ಕಂಕುಳಿಗೆ ಸಿಕ್ಕಿಸಿಕೊಂಡಿದ್ದರು. ಇಳಾ ನಿದ್ದೆ ಮಾಡುತ್ತಿದ್ದಳು. “ಮಲಗಿರಲಿ, ನಾನು ನೋಡ್ಕೋತೀನಿ, ಹೋಗಿಬನ್ನಿ” ಎಂದು ಎದುರು ಸೀಟಿನ ಹೆಂಗಸು ಹೇಳಿದಳು.

ರೈಲು ಕೂಗಿತು. ಇಬ್ಬರೂ ತಲೆ ಎತ್ತಲಿಲ್ಲ. ಕುದುರೆಯ ಕಿವಿ ಬರೆಯುವವರಿಗೆ ಸ್ವಂತ ಕಿವಿ ಇರಲಿಲ್ಲ. ನಾನು ಕಿರುಗುಟ್ಟಲು ನೋಡಿದೆ. ಅವರು ಕೂತರೆ ನನಗೆ ದನಿಯೆಲ್ಲಿ?

ಬೋಗಿಗಳು ಸರಿಯತೊಡಗಿದಾಗ ನಳಿನಿ “ಇಳಾ! ಇಳಾ!” ಎಂದು ಪ್ಲಾಟ್‌ಫಾರಂ ತುದಿಯವರೆಗೆ ಓಡಿದರು. ಚಪ್ಪಲಿ ಒಂದು ಕಡೆ, ಅವರೊಂದು ಕಡೆ. ಮುಂದಿನ ಸ್ಟೇಷನ್ನಿಗೆ ಸುದ್ದಿ ಮುಟ್ಟಿಸುತ್ತೇನೆ, ಮಗುವನ್ನು ಇಳಿಸಿಕೊಳ್ಳುತ್ತಾರೆ ಎಂದು ಸ್ಟೇಷನ್ ಮಾಸ್ಟರು ಸಮಾಧಾನ ಹೇಳಿದರು. ಅಮ್ಮಣ್ಣಿಯವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. “ಎದ್ದಾಗ ನಾವು ಕಾಣದೇ ಇದ್ರೆ ಮಗು ರೈಲಿಂದ ಹಾರಿಬಿಡುತ್ತೆ ಕಣೇ!” ಎನ್ನುತ್ತ ಟಾಂಗಾ ಹತ್ತಿದರು. ನಾನು ಅವರ ಕಾಲಬುಡದಲ್ಲಿ ಬಿದ್ದೆ.

ಟಾಂಗಾದ ಬುಡೇನ್ ಸಾಬ್ ಒಳ್ಳೆಯ ಮನುಷ್ಯ. ರೈಲ್ವೆ ಹಳಿಯ ಪಕ್ಕದ ರಸ್ತೆಗೆ ಗಾಡಿ ತಿರುಗಿಸಿದ. ಆದರೆ ಮುದಿ ಕುದುರೆ ತನ್ನ ಪಾಡಿಗೆ ಹೆಜ್ಜೆ ಹಾಕುತ್ತಿತ್ತು.

“ಓಡಿಸಪ್ಪಾ!”

“ಅಮ್ಮಾ, ಇದು ಮುದುಕಿ. ನಾನು ಇದಕ್ಕೆ ಹೊಡೆಯೋದಿಲ್ಲ.”

ಬೇರೆ ಯಾವ ದಿನವಾಗಿದ್ದರೂ ಅಮ್ಮಣ್ಣಿಯವರು ಅವನ ಕೈಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆ ದಿನ ಸೀಟಿನ ಕೆಳಗೆ ಕೈಹಾಕಿ ತಡಕಿದರು. ನಾನು ಸಿಕ್ಕಿದೆ, ಪಕ್ಕಕ್ಕೆ ತಳ್ಳಿದರು. ಚಾಟಿ ಸಿಕ್ಕಿತು. ಎದ್ದು ನಿಂತು, ಒಂದು ಕೈಯಲ್ಲಿ ಗಾಡಿಯ ಚೌಕಟ್ಟು ಹಿಡಿದು, ಹೊಡೆದರು. ಮತ್ತೆ ಹೊಡೆದರು. ಪ್ರತಿ ಏಟಿಗೂ ಬಾಯಲ್ಲಿ “ತಪ್ಪಾಯ್ತು ತಾಯಿ, ತಪ್ಪಾಯ್ತು” ಎನ್ನುತ್ತಿದ್ದರು. ಕುದುರೆ ಓಡಿತು. “ಸಾಕಮ್ಮಾ, ಸತ್ತೋಗುತ್ತೆ” ಎಂದು ಬುಡೇನ್ ಸಾಬ್ ಅಳುತ್ತಿದ್ದ. ನನ್ನ ಮೈಮೇಲಿದ್ದದ್ದೂ ಕುದುರೆಯ ಬೆನ್ನ ಮೇಲೆ ಸವೆದ ಚರ್ಮವೇ. ಆ ಏಟು ನನಗೆ ಹೊರಗಿನವರಿಗೆ ಬಿದ್ದ ಏಟಾಗಿ ಕೇಳಲಿಲ್ಲ.

ಮುಂದಿನ ಸ್ಟೇಷನ್ನಿನ ಬೆಂಚಿನ ಮೇಲೆ ಇಳಾ ಯಾರೋ ಕೊಟ್ಟ ಬಿಸ್ಕತ್ತು ಹಿಡಿದು ಕೂತಿದ್ದಳು. ನಳಿನಿ ನಗುತ್ತ ಅಳುತ್ತ ಓಡಿಹೋದರು. ಅಮ್ಮಣ್ಣಿಯವರು ಗಾಡಿಯಿಂದ ಇಳಿದವರು ಮುಂದೆ ಹೋಗಲಾರದೆ, ನೊರೆ ಕಾರುತ್ತಿದ್ದ ಕುದುರೆಯ ಕತ್ತು ತಬ್ಬಿ ಅದಕ್ಕೆ ಹಣೆಯಿಟ್ಟು ನಿಂತರು. ಬೆಂಚಿನಿಂದ ಮಗುವಿಗೆ ಕಂಡದ್ದು ಇಷ್ಟೇ: ಅಮ್ಮ ನಗುತ್ತಿದ್ದಾಳೆ, ಅಜ್ಜಿ ಕುದುರೆಯನ್ನು ಅಪ್ಪಿಕೊಂಡಿದ್ದಾರೆ.

“ನನ್ನ ಬಿಟ್ಟು ಸವಾರಿ ಹೋಗಿದ್ರಾ? ಅಜ್ಜಿ ಮೊದಲು ಕುದುರೇನ ತಬ್ಕೊಂಡ್ರು!”

ಹಿಂದಿರುಗುವಾಗ ಅವಳು ನಿದ್ದೆ ಹೋದ ಮೇಲೆ ಅಮ್ಮಣ್ಣಿಯವರು ಮಗಳಿಗೆ ಮೆಲ್ಲಗೆ ಹೇಳಿದರು: “ನಾನು ಹೊಡೆದದ್ದು ಮಗುಗೆ ಹೇಳಬೇಡ. ತನ್ನಿಂದಾಗಿ ಆಯ್ತು ಅಂದ್ಕೊಳ್ಳುತ್ತೆ. ನನ್ನ ಮೇಲೆ ಸಿಟ್ಟಿರಲಿ, ಪರವಾಗಿಲ್ಲ.”

ಸಿಟ್ಟು ಇತ್ತು, ಅವಳ ಜೊತೆಗೇ ಬೆಳೆಯಿತು. ಇಳಾ ಓದಿ ಬ್ಯಾಂಕ್ ಸೇರಿದಳು, ಎಲ್ಲೆಲ್ಲಿಗೋ ವರ್ಗವಾದಳು. ಮನೆಗೆ ಬಂದಾಗ ನೆಲದ ಮೇಲಾದರೂ ಕೂತಾಳು, ನನ್ನ ಮೇಲೆ ಕೂರಳು. “ನನಗೂ ನಾಲ್ಕು ಕಾಲಿದ್ದಿದ್ರೆ ಈ ಮನೇಲಿ ಮರ್ಯಾದೆ ಇರ್ತಿತ್ತು” ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ಆ ಮಾತಿಗೆ ಅಜ್ಜಿ ತಲೆ ಬಗ್ಗಿಸಿ ಪೆನ್ಸಿಲ್ ಕೆತ್ತುವುದನ್ನು ನಾನು ಕೆಳಗಿನಿಂದ ನೋಡಿದ್ದೇನೆ. ಆಗಲೇ ಚೂಪಾಗಿದ್ದ ಪೆನ್ಸಿಲ್ಲು ಅದು.

ಅಮ್ಮಣ್ಣಿಯವರು ತೀರಿಕೊಂಡರು. ನಾನು ನಳಿನಿಯ ಪಾಲಿಗೆ ಬಂದೆ. ಅವರ ಮಂಡಿಗಳು ಕೈಕೊಟ್ಟ ಮೇಲೂ ನಾವು ಆಟೋದಲ್ಲಿ ಟಾಂಗಾ ಸ್ಟ್ಯಾಂಡಿಗೆ ಹೋಗುತ್ತಿದ್ದೆವು. ಟಾಂಗಾಗಳು ಕಡಿಮೆಯಾಗಿದ್ದವು. ಇದ್ದ ನಾಲ್ಕಾರು ಕುದುರೆಗಳನ್ನೇ ನಳಿನಿ ಮತ್ತೆ ಮತ್ತೆ ಓಡಿಸುತ್ತಿದ್ದರು, ಕಾಗದದ ಮೇಲೆ.

ಒಂದು ಭಾನುವಾರ ಇಳಾ ಊರಿಗೆ ಬಂದಿದ್ದಳು. ಅಮ್ಮ ಆಗಲೇ ಸೀರೆ ಬದಲಾಯಿಸಿ, ವರಾಂಡದಲ್ಲಿ ನನ್ನ ಮೇಲೆ ಕೂತು ಆಟೋಗೆ ಕಾಯುತ್ತಿದ್ದರು.

“ಎರಡು ದಿನಕ್ಕೆ ಅಂತ ಬಂದಿದೀನಿ. ಇವತ್ತೂ ಹೋಗಬೇಕಾ? ಹೋಗು. ನಿನಗೆ ನನಗಿಂತ ಕುದುರೇನೇ ಹೆಚ್ಚು. ಅಜ್ಜಿಗೂ ಅಷ್ಟೆ.”

ನಳಿನಿ ಏಳಲಿಲ್ಲ. ಬೀದಿಯಲ್ಲಿ ಆಟೋ ಬಂದು ನಿಂತು ಹಾರ್ನ್ ಹೊಡೆಯಿತು.

“ಹರಿಹರಕ್ಕೆ ಹೊರಟಿದ್ವಲ್ಲ, ಅದಾದ ಮೇಲೆ ಅಜ್ಜಿ ಒಂದಾದರೂ ಕುದುರೆ ಬರೆದದ್ದು ನೋಡಿದ್ಯೇನೆ?”

ಇಳಾ ಯೋಚಿಸಿದಳು. ಹುಣಸೆಮರ ಬರೆದಿದ್ದರು. ಚಾಮುಂಡಿಬೆಟ್ಟ, ಮಡಕೆ, ಪಕ್ಕದ ಮನೆಯ ಬೆಕ್ಕು, ಒಣಹಾಕಿದ ಸೀರೆ. ಗೋಡೆಯ ಕಡೆ ನೋಡಿದಳು, ಮತ್ತೆ ಅಮ್ಮನ ಕಡೆ.

“ಇಲ್ಲ” ಎಂದಳು. “ಯಾಕಮ್ಮ?”

“ಹೊಡೆದ್ರು ಕಣೇ. ನಿನ್ನ ಹತ್ರ ಬೇಗ ಬರಬೇಕು ಅಂತ, ಆ ಮುದಿ ಕುದುರೇಗೆ, ಕೈಯಾರೆ. ಆಮೇಲೆ ಬರೆಯೋಕೆ ಕೂತರೆ ಕುದುರೆ ನನ್ನ ಮುಖಾನೇ ನೋಡುತ್ತೆ ಅನ್ನೋರು. ಕೈ ಆಡ್ತಿರಲಿಲ್ಲ.”

ಆಟೋದವನು ಇನ್ನೊಮ್ಮೆ ಹಾರ್ನ್ ಹೊಡೆದು, ಗೊಣಗಿ, ಹೊರಟುಹೋದ.

“ಅಜ್ಜಿ ಇದ್ದಾಗಲೇ ಹೇಳಬಾರದಿತ್ತಾ?”

“ಮಾತು ಕೊಟ್ಟಿದ್ದೆ.”

“ಹೋದ ಮೇಲೆ?”

“ನೀನೆಲ್ಲಿ ಕೇಳಿದೆ? ಬರೀ ಬೈದೆ.”

ಇಳಾ ನೆಲದ ಮೇಲೆ ಕುಸಿದು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದಳು. ಇಬ್ಬರ ಭಾರವೂ ಒಟ್ಟಿಗೆ ಬಿದ್ದು ನನ್ನ ಒಂದು ಕಾಲು ಸೀಳಿತು. ನಾನು ತುಟಿಪಿಟಕ್ಕೆನ್ನಲಿಲ್ಲ. ಎಲ್ಲ ಸಮಯದಲ್ಲೂ ತಮಾಷೆ ಮಾಡುವುದಕ್ಕಾಗುವುದಿಲ್ಲ.

ಆಮೇಲಿನ ಕೆಲವು ವರ್ಷ ಇಳಾ ರಜೆ ಸಿಕ್ಕಾಗಲೆಲ್ಲ ಅಮ್ಮನನ್ನು ಊರೂರು ಸುತ್ತಿಸಿದಳು. ಕಾಲಿಗೆ ತಂತಿ ಬಿಗಿಸಿಕೊಂಡು ನಾನೂ ಹೋದೆ. ಬಾದಾಮಿಯ ಮೆಟ್ಟಿಲ ಕೆಳಗೆ ನಳಿನಿ ಬರೆಯುತ್ತಿದ್ದರೆ ಇಳಾ ಪಕ್ಕದಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದಳು. ಅವಳಿಗೆ ಗೆರೆ ಎಳೆಯಲು ಬಾರದು. ಸ್ಕೇಲು ಕೊಟ್ಟರೂ ಸೊಟ್ಟ. ಒಂದು ಮಳೆಗಾಲದಲ್ಲಿ ನಳಿನಿಯೂ ತೀರಿಹೋದರು.

ಈಗ ನಾನು ಇಳಾಳ ಮನೆಯ ಕಿಟಕಿಯ ಮೂಲೆಯಲ್ಲಿದ್ದೇನೆ. ನನ್ನ ಮೇಲೆ ಮನಿ ಪ್ಲಾಂಟಿನ ಕುಂಡ. ನನ್ನಿಂದ ಈ ಮನೆಗೆ ಬಂದ ಮನಿ ಅಂದರೆ ಇದೊಂದೇ. ಬಂದವರು “ಪಾಟ್ ಸ್ಟ್ಯಾಂಡ್ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?” ಎನ್ನುತ್ತಾರೆ. ಇಳಾಗೆ ಅಷ್ಟು ಸಾಕು. ಕಾಫಿ ಲೋಟ ಕೆಳಗಿಟ್ಟು ಶುರು ಮಾಡುತ್ತಾಳೆ. ಪೀರ್ ಸಾಬರ ದನಿ, ಅಜ್ಜಿಯ ಗದರು, ಅಮ್ಮನ “ಆ ಕತ್ತು ನೋಡಿ!”, ರೈಲಿನ ಕೂಗು, ಎಲ್ಲ ಅವಳ ಬಾಯಲ್ಲೇ. ಬಿಸ್ಕತ್ತು ಹಿಡಿದ ಎಂಟು ವರ್ಷದ ತನ್ನನ್ನೂ ಬಿಡದೆ ಅಣಕಿಸುತ್ತಾಳೆ. ಬಂದವರು ನಕ್ಕು ನಕ್ಕು ಸುಸ್ತಾಗುತ್ತಾರೆ.

ಕಥೆಯಲ್ಲಿ ಟಾಂಗಾ ರಸ್ತೆಗೆ ಬಂದ ಕೂಡಲೇ ಅವಳ ದನಿ ತಗ್ಗುತ್ತದೆ.

“ಮುದಿ ಕುದುರೆ, ಓಡೋದೇ ಇಲ್ಲ. ಆಗ ನಮ್ಮಜ್ಜಿ ಗಾಡಿ ನಿಲ್ಲಿಸಿ, ಇಳಿದು ಹೋಗಿ, ಅದರ ಕಿವಿಯಲ್ಲಿ ಏನೋ ಹೇಳಿದ್ರು ನೋಡಿ. ಹಾರಿತು!”

“ಏನು ಹೇಳಿದ್ರು?”

“‘ನಮಗಿರೋದು ಒಂದೇ ಮಗು ಕಣವ್ವ’ ಅಂದ್ರಂತೆ. ಅದೂ ಹೆಣ್ಣಲ್ವಾ, ಅರ್ಥ ಆಯ್ತು.”

ಅವಳ ಕಥೆಯಲ್ಲಿ ಚಾಟಿಯೇ ಇಲ್ಲ. ಪ್ರತಿ ಸಲವೂ ಆ ಕುದುರೆ ಏಟಿಲ್ಲದೆ ಓಡುತ್ತದೆ, ಅಜ್ಜಿ ಬರಿಗೈಯಲ್ಲಿ ಬಂದು ಮುಟ್ಟುತ್ತಾರೆ. ಆ ದಿನ ಗಾಡಿಯಲ್ಲಿದ್ದವರಲ್ಲಿ ಉಳಿದಿರುವುದು ನಾನೊಂದೇ. ಬೇಕೆಂದರೆ ಸಾಕ್ಷಿ ಹೇಳಬಹುದು. ಕುಂಡದ ಭಾರಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಕಿರುಗುಟ್ಟುತ್ತಲೂ ಇರುತ್ತೇನೆ. ಇಳಾ ಆ ಭಾಗಕ್ಕೆ ಬಂದಾಗ ಮಾತ್ರ ಮೂರು ಕಾಲನ್ನೂ ನೆಲಕ್ಕೆ ಒತ್ತಿ, ಉಸಿರು ಬಿಗಿಹಿಡಿದು ನಿಂತುಬಿಡುತ್ತೇನೆ.