ಎರಡು ಸಲ ಒತ್ತಿದರೆ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಜನ ಗೇಲಿ ಮಾಡುತ್ತಾರಲ್ಲ, ನನ್ನ ಕಸುಬು ಅದಕ್ಕೆ ತದ್ವಿರುದ್ಧ. ಮೀಸೆ ಮಣ್ಣು ಮಾಡಿಕೊಳ್ಳುವುದಕ್ಕೇ ನನಗೆ ಸಂಬಳ. ಇಪ್ಪತ್ತನಾಲ್ಕು ವರ್ಷ ಪ್ರದರ್ಶನದ ಕುಸ್ತಿಯಲ್ಲಿ ಕೇಡಿಯ ಪಾತ್ರ ಮಾಡಿದೆ. ರಿಂಗಿನಲ್ಲಿ ನನ್ನ ಹೆಸರು ಗೂಳಿ. ಗುಟುರು ಹಾಕುತ್ತಾ ಬರುವುದು, ಒಳ್ಳೆಯವನ ಕಣ್ಣಿಗೆ ಬೆರಳು ಹಾಕುವುದು, ಕೊನೆಗೆ ಅವನಿಂದಲೇ ಒದೆ ತಿಂದು ಅಂಗಾತ ಬೀಳುವುದು. ಯಾರು ಗೆಲ್ಲಬೇಕು ಎನ್ನುವುದು ಬೆಳಿಗ್ಗೆಯೇ ತೀರ್ಮಾನವಾಗಿರುತ್ತಿತ್ತು. ಎಲ್ಲಾ ಸುಳ್ಳು ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದು ಇಷ್ಟೇ: ಬನ್ನಿ, ನಿಮ್ಮನ್ನೂ ಒಂದು ಸಲ ಸುಳ್ಳು ಸುಳ್ಳೇ ಎತ್ತಿ ಹಾಕುತ್ತೇನೆ.

ಈ ಸುಳ್ಳಿನೊಳಗೆ ಒಂದು ನಿಜ ಇತ್ತು. ಅದು ಕೈಯ ಮಾತು. ಪಟ್ಟು ಹಾಕಿ ಹಿಡಿದಾಗ ಎದುರಾಳಿಯ ಅಂಗೈಯನ್ನು ಯಾರಿಗೂ ಕಾಣದಂತೆ ಎರಡು ಸಲ ಒತ್ತಬೇಕು. ‘ಸರಿಯಾಗಿದ್ದೀಯಾ?’ ಎಂದು ಅದರ ಅರ್ಥ. ಅವನು ಎರಡು ಸಲ ತಿರುಗಿ ಒತ್ತಿದರೆ ‘ಸರಿ, ಮುಂದುವರಿಸು’ ಎಂದು. ಉತ್ತರ ಬರದಿದ್ದರೆ ರೆಫರಿಗೆ ಹೇಳಬೇಕು. ಅವನು ತಲೆಯ ಮೇಲೆ ಎರಡು ತೋಳನ್ನೂ ಅಡ್ಡ ಹಿಡಿದರೆ ಆಟ ಅಲ್ಲಿಗೇ ಬಂದ್. ಬಾಯಲ್ಲಿ ಏನು ಬೇಕಾದರೂ ಕಿರುಚಬಹುದು, ಸತ್ತೆ, ಬಿಡು, ಕಾಪಾಡಿ ಎಂದು. ಅದನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ.

“ಬಾಯಿ ಇರೋದು ಜನಕ್ಕೆ, ಕೈ ಇರೋದು ನಿಮ್ಮಿಬ್ಬರಿಗೆ” ಎನ್ನುತ್ತಿದ್ದರು ನಮ್ಮ ಮೇಷ್ಟ್ರು. ಒಂದು ಉಗ್ರಾಣದ ಮಹಡಿಯ ಮೇಲೆ ಅವರ ತಾಲೀಮು. ಯೋಚನೆ ಮಾಡಿ ಉತ್ತರ ಕೊಟ್ಟರೆ ತಡವಾಗುತ್ತದೆ, ಕೈ ತಾನಾಗಿಯೇ ಉತ್ತರಿಸಬೇಕು ಎಂದು ಅವರ ಹಟ. ಮಧ್ಯಾಹ್ನ ನಾವು ಸುಸ್ತಾಗಿ ಮಲಗಿದ್ದಾಗ ಸದ್ದಿಲ್ಲದೆ ಬಂದು ಅಂಗೈ ಒತ್ತುತ್ತಿದ್ದರು. ನಿದ್ದೆಯಲ್ಲೂ ಉತ್ತರ ಬರದಿದ್ದವನಿಗೆ ಬೆತ್ತದ ಏಟು. ಆರು ತಿಂಗಳಲ್ಲಿ ನನ್ನ ಬೆರಳುಗಳು ನನ್ನನ್ನು ಕೇಳುವುದನ್ನೇ ಬಿಟ್ಟಿದ್ದವು.

ಕೊನೆಯ ಹನ್ನೊಂದು ವರ್ಷ ನನ್ನ ಎದುರಾಳಿ ನನ್ನ ಹೆಂಡತಿಯ ತಮ್ಮ. ಈ ಕಸುಬಿಗೆ ಅವನನ್ನು ಎಳೆದು ತಂದವನೂ ನಾನೇ. ಹಗ್ಗದ ಮೇಲಿಂದ ತೇಲಿ ಬರುತ್ತಿದ್ದ, ಅದಕ್ಕೇ ಜನ ಪಾರಿವಾಳ ಎಂದು ಕರೆದರು. ಮನೆಯಲ್ಲಿ ಭಾವ, ಭಾವ ಎಂದು ತಲೆ ಎತ್ತದವನು ರಿಂಗಿನಲ್ಲಿ “ಬಾರೋ ಗೂಳಿ, ನಿನ್ನ ಕೊಂಬು ಮುರೀತೀನಿ” ಎಂದು ಅಬ್ಬರಿಸುತ್ತಿದ್ದ. ಬಾಮೈದನ ಕೈಯಲ್ಲಿ ಇಷ್ಟು ಬೈಸಿಕೊಂಡು ನಗುತ್ತಾ ಮನೆಗೆ ಬಂದ ಭಾವ ಇನ್ನೊಬ್ಬನಿರಲಿಕ್ಕಿಲ್ಲ. ನನಗೆ ಅವನೆಂದರೆ ಪ್ರಾಣ.

ಅವತ್ತು ಮಧ್ಯಾಹ್ನದ ಆಟ. ಸಾವಿರ ಸಲ ಮಾಡಿದ ಪಟ್ಟೇ: ಅವನನ್ನು ಹೆಗಲ ಮೇಲೆ ಎತ್ತಿ ಹಿಂದಕ್ಕೆ ಬೀಳುವುದು. ಅವನು ಒಂದು ಗೇಣು ಆಚೆ ಬಿದ್ದ. ಸದ್ದು ಬೇರೆ ಥರ ಇತ್ತು. ನಾನು ಅವನ ಹಿಂದೆ ಕುಳಿತು, ಕುತ್ತಿಗೆಯ ಸುತ್ತ ತೋಳು ಬಳಸಿ, ಅವನ ಅಂಗೈಯನ್ನು ನನ್ನ ಎರಡು ಅಂಗೈಗಳ ನಡುವೆ ಬಚ್ಚಿಟ್ಟುಕೊಂಡು ಎರಡು ಸಲ ಒತ್ತಿದೆ. ಎರಡು ಒತ್ತು ತಿರುಗಿ ಬಂತು. ಸರಿ ಎಂದು ಮುಂದುವರಿಸಿದೆ. ನಾಲ್ಕು ನಿಮಿಷ ತಿರುಚಿದೆ, ಎಳೆದಾಡಿದೆ. ಅವನು ಎದ್ದು ಗೆಲ್ಲಬೇಕಾದ ಹೊತ್ತಿಗೆ ಏಳಲಿಲ್ಲ. ಆಗ ರೆಫರಿ ತೋಳು ಅಡ್ಡ ಹಿಡಿದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಹೆಂಡತಿ ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು.

“ಒತ್ತಿದ್ನಾ?”

“ಒತ್ತಿದ ಕಣೇ. ಎರಡು ಸಲ. ನಿನ್ನಾಣೆ.”

“ಹಾಗಾದ್ರೆ ಸರಿ. ಒತ್ತದೇ ಇದ್ರೂ ನೀವು ಬಿಡ್ಲಿಲ್ಲ ಅಂತ ಗೊತ್ತಾದ್ರೆ, ನಾನು ನಿಮ್ಮ ಜೊತೆ ಬಾಳಲ್ಲ.”

ಅಷ್ಟರಲ್ಲಿ ಡಾಕ್ಟರ್ ಹೊರಗೆ ಬಂದರು. ಕತ್ತಿನ ಮೂಳೆ ಮುರಿದಿದೆ, ಜೀವಕ್ಕೆ ಅಪಾಯವಿಲ್ಲ, ಮಾತೂ ಇರುತ್ತದೆ, ಆದರೆ ಕತ್ತಿನ ಕೆಳಗೆ ಇನ್ನೇನೂ ಇಲ್ಲ ಎಂದರು. ಬಿದ್ದ ಕ್ಷಣದಿಂದಲೇ ಬೆರಳು ಅಲ್ಲಾಡಿಸಲು ಅವನಿಗೆ ಸಾಧ್ಯವಿರಲಿಲ್ಲ ಎಂದೂ ಅಂದರು. ಇದು ಅವಳ ಕಿವಿಗೂ ಬಿತ್ತು. ಅವಳು ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದಳು. ಬಂದದ್ದು ಎರಡು ಒತ್ತು. ನಾನು ಸುಳ್ಳು ಹೇಳಿರಲಿಲ್ಲ. ಹಾಗಾದರೆ ಒತ್ತಿದ್ದು ಯಾರು?

ಅವನನ್ನು ಮನೆಗೆ ತಂದು ನಡುಮನೆಯ ಕಿಟಕಿ ಪಕ್ಕ ಮಂಚ ಹಾಕಿದೆವು. ನಾನು ಕುಸ್ತಿ ಬಿಟ್ಟೆ. ಅವತ್ತಿನ ವಿಷಯ ಅವನು ಬಾಯಿ ಬಿಡಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ಎರಡನೇ ತಿಂಗಳ ಒಂದು ಮಧ್ಯಾಹ್ನ ಅವನು ಕಣ್ಣು ಮುಚ್ಚಿ ಮಲಗಿದ್ದ. ಅವನ ಕೈ ನಲ್ಲಿಯ ಹಾಗೆ ತಣ್ಣಗಿತ್ತು. ಬಿಸಿ ಮಾಡೋಣವೆಂದು ನನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡೆ. ಯಾಕೋ ಎರಡು ಸಲ ಒತ್ತಿದೆ.

ಎರಡು ಸಲ ತಿರುಗಿ ಬಂತು.

ಮತ್ತೆ ಒತ್ತಿದೆ, ಮತ್ತೆ ಬಂತು. ಕೂಗಿಕೊಂಡೆ. ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದು ಅವನ ಕೈ ಒತ್ತಿದಳು, ಏನೂ ಇಲ್ಲ. ಡ್ರೆಸಿಂಗ್ ಮಾಡಲು ಬರುತ್ತಿದ್ದ ನರ್ಸ್ ಒತ್ತಿದಳು, ಏನೂ ಇಲ್ಲ. ಡಾಕ್ಟರ್ ಸೂಜಿ ಚುಚ್ಚಿ ನೋಡಿದರು, ಏನೂ ಇಲ್ಲ. ನನಗೆ ಮಾತ್ರ ಉತ್ತರ.

“ಏನಾಯ್ತು ಭಾವ?” ಎಂದ ಅವನು, ಎಲ್ಲರೂ ಹೋದ ಮೇಲೆ.

“ನಿನ್ನ ಕೈ ಮಾತಾಡ್ತು ಕಣೋ.”

“ಹೌದಾ? ಏನಂತು?”

“ಸರಿ ಅಂತು.”

ಆಮೇಲೆ ಅದೇ ದಿನಚರಿಯಾಯಿತು. ಮಧ್ಯಾಹ್ನ ಮೂರಕ್ಕೆ ನಾನು ಕೂರುತ್ತಿದ್ದೆ, ಒತ್ತುತ್ತಿದ್ದೆ, ಕೈ ‘ಸರಿ’ ಎನ್ನುತ್ತಿತ್ತು. ಮೊದಮೊದಲು ಸಂತೋಷ. ನೋಡು, ಅವತ್ತೂ ಒತ್ತಿದ್ದು ಇದೇ ಕೈ ಎಂದು ಹೆಂಡತಿಯ ಮುಂದೆ ಎದೆಯುಬ್ಬಿಸಿದೆ. ಆಮೇಲಾಮೇಲೆ ಭಯ ಹತ್ತಿತು. ಜ್ವರ ಬಂದು ಅವನ ಹಲ್ಲು ಕಟಕಟಿಸುತ್ತಿದ್ದ ದಿನವೂ ಕೈ ಸರಿ ಎಂದಿತು. ಅವನು ಗೋಡೆ ಕಡೆ ಮುಖ ತಿರುಗಿಸಿ ಅತ್ತ ದಿನವೂ ಸರಿ ಎಂದಿತು. ಆ ಕೈಗೆ ನರವಿಲ್ಲ, ಬಿಸಿಯಿಲ್ಲ, ಮಾಲೀಕನ ಸುಖದುಃಖದ ಗೊಡವೆಯಿಲ್ಲ, ಮಂಚದ ಮೇಲೆ ಬೇರೆ ಯಾರೋ ಮಲಗಿದ್ದಾರೆ ಎನ್ನಿಸುತ್ತಿತ್ತು. ಅವನಂತೂ ಪ್ರತಿ ದಿನ ತಪ್ಪದೆ ಕೇಳುತ್ತಿದ್ದ: “ಇವತ್ತು ಏನಂತು ಭಾವ?”

ಒಂದು ಭಾನುವಾರ ಊಟ ಮಾಡಿ ಒಳಕೋಣೆಯಲ್ಲಿ ಚಾಪೆಯ ಮೇಲೆ ಅಡ್ಡಾಗಿದ್ದೆ. ಎಚ್ಚರವಾದಾಗ ಹೆಂಡತಿ ಪಕ್ಕದಲ್ಲಿ ಕುಳಿತಿದ್ದಳು. ನನ್ನ ಬಲಗೈ ಅವಳ ಮಡಿಲಲ್ಲಿತ್ತು.

“ಏನೇ?”

“ಆರು ಸಲ ನೋಡ್ದೆ” ಎಂದಳು. “ನಿಮಗೆ ನಿದ್ದೆ. ಗೊರಕೆ ಬೇರೆ. ನಾನು ಎರಡೆರಡು ಸಲ ಒತ್ತಿದೆ. ಆರಕ್ಕೆ ಆರು ಸಲಾನೂ ನಿಮ್ಮ ಕೈ ತಿರುಗಿ ಒತ್ತಿತು.”

“ಅಯ್ಯೋ, ಅದು ಮೇಷ್ಟ್ರ ಬೆತ್ತದ ಪ್ರಭಾವ” ಎಂದು ನಕ್ಕೆ.

ಅವಳು ನಗಲಿಲ್ಲ. “ಅವನ ಕೈನ ಹೇಗೆ ಹಿಡ್ಕೋತೀರಿ, ತೋರ್ಸಿ.”

ಅವಳ ಅಂಗೈಯನ್ನು ನನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡೆ. ಎಡಗೈಯಿಂದ ಎರಡು ಸಲ ಒತ್ತಿದೆ. ಉತ್ತರ ಬಂತು. ಅವಳು ಮೆಲ್ಲಗೆ ತನ್ನ ಕೈಯನ್ನು ನಡುವಿನಿಂದ ಎಳೆದುಕೊಂಡಳು. “ಈಗ ಒತ್ತಿ.” ಎಡಗೈ ಒತ್ತಿತು. ಬಲಗೈ ತಿರುಗಿ ಒತ್ತಿತು. ನಾನು ಅದಕ್ಕೆ ಹೇಳಿರಲಿಲ್ಲ. ಬೇಡ ಎಂದು ಹಲ್ಲು ಕಚ್ಚಿ ಇನ್ನೊಮ್ಮೆ ಒತ್ತಿದೆ. ಸಾಕಿದ ಪ್ರಾಣಿಯ ಹಾಗೆ ಅದು ವಿಧೇಯವಾಗಿ ಎರಡು ಸಲ ಒತ್ತಿತು, ನನಗಲ್ಲ, ಇನ್ಯಾರಿಗೋ ವಿಧೇಯವಾಗಿ. ನನ್ನ ತೋಳಿಗೇ ಅಂಟಿಕೊಂಡಿದ್ದ ಆ ಕೈಯನ್ನು ನೋಡಿ ನನಗೆ ಹೇಸಿಗೆಯೂ ಹೆದರಿಕೆಯೂ ಒಟ್ಟಿಗೇ ಆಯಿತು.

ಎದ್ದು ನಡುಮನೆಗೆ ಹೋದೆ. ಮಂಚದ ಪಕ್ಕ ಕುಳಿತು, ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟು, ಎಡಗೈಯೊಂದರಲ್ಲೇ ಅವನ ಕೈ ಹಿಡಿದು ಒತ್ತಿದೆ. ಹತ್ತು ಸಲ ಒತ್ತಿದೆ. ಒದ್ದೆ ಬಟ್ಟೆ ಹಿಂಡಿದ ಹಾಗಿತ್ತು. ಅವನು ನೋಡುತ್ತಿದ್ದ.

“ಇವತ್ತು ಏನಂತು ಭಾವ?”

“ಏನೂ ಅನ್ಲಿಲ್ಲ ಕಣೋ. ಯಾವತ್ತೂ ಏನೂ ಅಂದಿರ್ಲಿಲ್ಲ. ಕೇಳ್ದೋನೂ ನಾನೇ, ಹೇಳ್ದೋನೂ ನಾನೇ. ಅವತ್ತೂ ಅಷ್ಟೇ.”

“ಗೊತ್ತು” ಎಂದ.

“ಅವತ್ತಿಂದು ನಿಂಗೆ ನೆನಪಿದ್ಯಾ?”

“ಇದೆ. ಬಾಯಲ್ಲಿ ಹೇಳ್ದೆ. ಭಾವ, ಕೈಕಾಲು ಬರ್ತಿಲ್ಲ, ನಿಲ್ಸಿ ಅಂದೆ. ಮೂರು ಸಲ ಅಂದೆ. ನೀವು ಕಿವಿ ಹತ್ರ ಬಂದು, ಭೇಷ್, ಇವತ್ತು ಚೆನ್ನಾಗಿ ಮಾಡ್ತಿದ್ದೀಯ ಅಂದ್ರಿ. ಆಮೇಲೆ ಇನ್ನೂ ಬಿಗಿಯಾಗಿ ತಿರುಚಿದ್ರಿ.”

ಅಂದಿದ್ದೆ. ನನಗೆ ಅದು ಒಂದು ದಿನವೂ ಮರೆತಿರಲಿಲ್ಲ. ರಿಂಗಿನಲ್ಲಿ ಹನ್ನೊಂದು ವರ್ಷ ಗೂಳಿ ಎಂದವನು ಅವತ್ತು ಭಾವ ಎಂದಿದ್ದ. ಆಗಲೇ ಎದೆ ಧಸಕ್ಕೆಂದಿತ್ತು. ಆದರೆ ಕೈ ಸರಿ ಎಂದಿತ್ತಲ್ಲ, ಬಾಯನ್ನು ಯಾಕೆ ನಂಬಲಿ ಎಂದುಕೊಂಡೆ. ಕೈಯ ವಿಷಯ ಎಲ್ಲರೂ ಕೇಳಿದರು, ಬಾಯಿಯ ವಿಷಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

“ಇಷ್ಟು ದಿನ ಯಾಕೋ ಹೇಳ್ಲಿಲ್ಲ?”

“ಹೇಳಿದ್ರೆ ಅಕ್ಕ ನಿಮ್ಮನ್ನ ಬಿಡ್ತಾಳೆ. ಬಿಟ್ಟು ಎಲ್ಲಿಗೆ ಹೋಗ್ತಾಳೆ ಭಾವ? ನನ್ನನ್ನೂ ಎತ್ಕೊಂಡು?”

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಅವಳು ಗೋಡೆಯ ಗಡಿಯಾರ ನೋಡಿ ಒಳಗೆ ಬಂದಳು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಅವನನ್ನು ಮಗ್ಗುಲಿಗೆ ಹೊರಳಿಸಬೇಕಿತ್ತು. ಅದು ಇಬ್ಬರ ಕೆಲಸ, ಹೆಗಲು ಅವಳದು, ಕಾಲು ನನ್ನದು. ನಾನು ಎದ್ದು ಮುಂದೆ ಬಂದೆ.

“ಬೇಡ” ಎಂದಳು.

ಒಂದು ಕೈ ಅವನ ಹೆಗಲಿನಡಿ, ಇನ್ನೊಂದು ಸೊಂಟದಡಿ ತೂರಿಸಿ, ಉಸಿರು ಕಟ್ಟಿ, ಅಷ್ಟು ದೊಡ್ಡ ದೇಹವನ್ನು ಅವಳೊಬ್ಬಳೇ ಹೊರಳಿಸಿದಳು. ಆಮೇಲೆ ಅವನ ಎರಡು ಕಾಲನ್ನೂ ಒಂದೊಂದಾಗಿ ಎತ್ತಿ ಸರಿಯಾಗಿಟ್ಟಳು. ಅವಳು ಮನೆ ಬಿಟ್ಟು ಹೋಗಲಿಲ್ಲ. ಊಟಕ್ಕೂ ಬಡಿಸುತ್ತಾಳೆ. ಆದರೆ ಅವತ್ತಿನಿಂದ ಇವತ್ತಿನವರೆಗೆ ಈ ಮನೆಯಲ್ಲಿ ಯಾರೂ ನನ್ನ ಕೈಗೆ ಒಂದು ಕೆಲಸ ಹೇಳಿಲ್ಲ.