ಹತ್ತು ಎಕರೆಯ ಲೆಕ್ಕ

ಒಂಬತ್ತು ಪಾಟಿಗಳ ಮೇಲೂ ಒಂದೇ ಉತ್ತರವಿತ್ತು: ಗುರುವಾರ. ಸೈಫುದ್ದೀನ ಮಾಸ್ತರರು ಪಾಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ ಇನ್ನೊಮ್ಮೆ ನೋಡಿದರು. ಒಬ್ಬರ ಅಕ್ಷರ ಕೋಳಿ ಕೆದರಿದಂತೆ, ಇನ್ನೊಬ್ಬರದು ಮುತ್ತು ಪೋಣಿಸಿದಂತೆ. ತಪ್ಪು ಮಾತ್ರ ಎಲ್ಲರದೂ ಒಂದೇ.

ಲೆಕ್ಕವೇನೂ ಕಬ್ಬಿಣದ ಕಡಲೆಯಲ್ಲ. ಒಬ್ಬ ರೈತ ಒಂದು ಜೋಡಿ ಎತ್ತಿನಿಂದ ದಿನಕ್ಕೆ ಎರಡು ಎಕರೆ ಹರಗುತ್ತಾನೆ. ಶನಿವಾರ ಮುಂಜಾನೆ ಶುರು ಮಾಡಿದರೆ ಹತ್ತು ಎಕರೆ ಯಾವ ವಾರ ಮುಗಿಯುತ್ತದೆ? ಐದು ದಿನದ ಕೆಲಸ. ಬೆರಳು ಮಡಚಿ ಎಣಿಸಿದರೂ ಬುಧವಾರ ಬರಬೇಕು. ತಿಕೋಟಾ ಸಾಲೆಯ ಏಳನೇ ಇಯತ್ತೆಯವರಿಗೆ ಅದು ಹೇಗೆ ಗುರುವಾರ ಆಯಿತೋ ದೇವರೇ ಬಲ್ಲ!

ಮಾಸ್ತರರು ವಿಜಾಪುರದ ಅತ್ತರದ ಅಂಗಡಿಯವರ ಮಗ. ದೀಪಾವಳಿ ಸೂಟಿ ಮುಗಿದ ಮೇಲೆ ಈ ಊರಿಗೆ ಬಂದವರು, ಬರುವಾಗ ಪೆಟ್ಟಿಗೆಯ ಜೊತೆ ತಮ್ಮ ಕಾಯದೆಗಳನ್ನೂ ತಂದಿದ್ದರು. ದಿನಾ ಮನೆಲೆಕ್ಕ, ಶನಿವಾರ ಪರೀಕ್ಷೆ. ಕಾಪಿ ಹೊಡೆದರೆ ಆ ದಿನದ ಹಜೇರಿಯೇ ಇಲ್ಲ.

"ಯಾರದು ನೋಡಿ ಯಾರು ಬರದ್ರಿ?" ಎಂದು ಕೇಳಿದರು. "ಸೋಮವಾರದ ತನಕಾ ಟೈಮ್ ಕೊಡತೀನಿ. ಖರೇ ಹೇಳ್ರಿ, ಇಲ್ಲಾಂದ್ರ ಒಂಬತ್ತೂ ಮಂದಿ ಇವತ್ತ ಗೈರುಹಾಜರಿ."

ಎಂಟು ಮಂದಿಗೆ ಇದು ಸೊಳ್ಳೆ ಕಚ್ಚಿದಷ್ಟು ಮಾತ್ರ. ಗುರುಬಸವ್ವನ ಜೀವ ಬಾಯಿಗೆ ಬಂತು. ಸುಗ್ಗಿಯಲ್ಲಿ ಅವ್ವನ ಸಂಗಡ ಜೋಳ ಕೀಳಲು ಹೋಗಿ ಸಾಲೆ ತಪ್ಪಿಸಿದ್ದರಿಂದ ಅವಳ ಹಜೇರಿ ಅಂಚಿಗೆ ಬಂದು ನಿಂತಿತ್ತು. ಇನ್ನೊಂದು ದಿನ ಹೋದರೆ ಹೆಡ್‌ಮಾಸ್ತರರು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯ ಅರ್ಜಿಗೆ ಸಹಿ ಹಾಕುವುದಿಲ್ಲ. ಅವಳ ಅವ್ವ ಪರಸವ್ವ ತನ್ನ ತಮ್ಮನಿಗೆ ಆಗಲೇ ಮಾತು ಕೊಟ್ಟಿದ್ದಳು: "ಮುಲ್ಕಿ ಪಾಸಾದ್ರ ಸಾಲ್ಯಾಗ ಅಕ್ಕೋರಾಗಿ ನೌಕರಿ ಮಾಡ್ತಾಳ, ಬಿಡು. ಪರೀಕ್ಷಾಕ್ಕ ಕೂಡಲಿಲ್ಲಂದ್ರ ಈ ಬ್ಯಾಸಗ್ಯಾಗ ನಿನಗ ಕೊಡ್ತೇನಿ." ಮೊದಲ ಹೆಂಡತಿಯನ್ನು ಕಳೆದುಕೊಂಡ ಆ ಮಾವನೋ, ಬಬಲೇಶ್ವರದ ಸಂತೆಯಲ್ಲಿ ಸೀರೆಯನ್ನೂ ತಂದಿಟ್ಟುಕೊಂಡಿದ್ದ. ಕೂಸು ಹುಟ್ಟುವ ಮೊದಲೇ ಕುಲಾವಿ!

ಎಲ್ಲರೂ ಹೋದ ಮೇಲೆ ಗುರುಬಸವ್ವ ಬಾಗಿಲ ಹತ್ತಿರ ನಿಂತಳು. "ಮಾಸ್ತರ್ರ, ನಾ ಯಾರದೂ ನೋಡಿಲ್ರಿ. ನಮ್ಮವ್ವನ ಆಣಿ."

"ಹಂಗಾದ್ರ ಒಂಬತ್ತೂ ಮಂದಿಗಿ ಒಂದ ತಪ್ಪು ಹ್ಯಾಂಗ ಬಿತ್ತವಾ?"

"ತಪ್ಪಾಗೇತೇನ್ರಿ?" ಎಂದು ಅವಳು ಕಣ್ಣರಳಿಸಿ ಕೇಳಿದಳು.

ಆ ಕಣ್ಣಲ್ಲಿ ನಾಟಕವಿರಲಿಲ್ಲ. ಮಾಸ್ತರರಿಗೆ ಸಿಟ್ಟು ಇಳಿದು ಸೋಜಿಗ ಹತ್ತಿತು. ಮನೆಗೆ ಹೋಗುತ್ತಿದ್ದವರನ್ನೆಲ್ಲ ಓಣಿಯಿಂದ ಮರಳಿ ಕರೆದು ಇನ್ನೊಂದು ಮನೆಲೆಕ್ಕ ಬರೆಸಿದರು: ಅದೇ ರೈತ, ಅದೇ ಹೊಲ, ಶುರು ಮಾತ್ರ ಮಂಗಳವಾರ. ರವಿವಾರವೆಲ್ಲ ಮಾಸ್ತರರಿಗೆ ಊಟ ರುಚಿಸಲಿಲ್ಲ. ಕಾಪಿ ಹೊಡೆಯುವುದಕ್ಕೂ ಒಂದು ದಾರಿ ಬೇಕಲ್ಲ, ಆ ದಾರಿ ಯಾವುದು?

ಸೋಮವಾರ ಮುಂಜಾನೆ ಪಾಟಿ ನೋಡಿದರೆ ಎಲ್ಲರದೂ ಶನಿವಾರ. ಸರಿಯಾದ ಉತ್ತರ! ಮಾಸ್ತರರ ತಲೆ ಗಿರ್ರೆಂದಿತು. ಕೂಡಲೇ ಮಕ್ಕಳನ್ನು ಚದುರಿಸಿದರು. ಒಬ್ಬನನ್ನು ಬೇವಿನ ಮರದ ಕೆಳಗೆ, ಒಬ್ಬನನ್ನು ಬಾವಿಯ ಕಟ್ಟೆಯ ಹತ್ತಿರ, ಮಶಾಕಸಾಬನ ಮಗಳು ಜುಲೇಖಾಳನ್ನು ಹೆಡ್‌ಮಾಸ್ತರರ ಕೋಣೆಯ ಮುಂದೆ ಕೂರಿಸಿ ಹೊಸ ಲೆಕ್ಕ ಕೊಟ್ಟರು. ರೈತ ಶುಕ್ರವಾರ ಶುರು ಮಾಡುತ್ತಾನೆ, ನಾಲ್ಕು ದಿನದ ಹರಗುವಿಕೆ.

ಹೆಡ್‌ಮಾಸ್ತರ ಬಸಲಿಂಗಯ್ಯನವರು ಹೊರಗೆ ಬಂದು ನೋಡಿದರು. "ಏನ್ರಿ ಸೈಫುದ್ದೀನ ಮಾಸ್ತರ, ಸಾಲಿ ಸುತ್ತ ಚೌಕಿ ಹಾಕೀರಲ್ಲ? ಕಳ್ಳರು ಬರಾಕತ್ತಾರೇನು?"

"ಕಳ್ಳರು ಒಳಗ ಅದಾರ್ರಿ. ಹಿಡಿಯಾಕ ಆಗವಲ್ದು."

ಸೋಮವಾರ ಬರಬೇಕಿದ್ದ ಕಡೆ ಎಲ್ಲರೂ ಮಂಗಳವಾರ ಬರೆದಿದ್ದರು, ಬೇವಿನ ಮರದವನೂ ಬಾವಿಯ ಕಟ್ಟೆಯವನೂ. ಮಾಸ್ತರರು ಎಲ್ಲರನ್ನೂ ವರ್ಗದೊಳಗೆ ಕರೆದು ಕೂರಿಸಿ ಗುರುಬಸವ್ವನನ್ನು ಎದುರು ನಿಲ್ಲಿಸಿದರು. "ಬಾಯಿ ಬಿಟ್ಟು ಎಣಿಸವಾ, ನಾನೂ ಕೇಳ್ತೀನಿ."

ಗುರುಬಸವ್ವ ಬೆರಳು ಮಡಚಿದಳು. "ಶುಕ್ಕರಾರ ಒಂದು, ಶನಿವಾರ ಎರಡು, ಐತಾರ ಮೂರು, ಮಂಗಳಾರ..."

"ನಿಲ್ಲು, ನಿಲ್ಲು. ಸೋಮವಾರ ಎಲ್ಲಿ ಹೋತು?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ಓದಿದ ಮನುಷ್ಯ ಇದೆಂಥ ಮಾತು ಕೇಳುತ್ತಾನೆ ಎಂಬಂತೆ ಗುರುಬಸವ್ವ ನಿಧಾನವಾಗಿ ಹೇಳಿದಳು, "ಸ್ವಾಮಾರ ಎತ್ತ ಹೂಡ್ತಾರೇನ್ರಿ?"

"ಅಂದ್ರ?"

"ಬಸವಣ್ಣನ ವಾರ ಅಲ್ರಿ ಅದು," ಎಂದ ಗೊಲ್ಲಾಳಪ್ಪ, ಹಿಂದಿನ ಸಾಲಿನಿಂದ. ಜುಲೇಖಾ ಸೇರಿಸಿದಳು, "ನಮ್ಮಪ್ಪನೂ ಹೂಡೂದಿಲ್ರಿ. ಸ್ವಾಮಾರ ಹೂಡಿದ್ರ ಊರ ಮಂದಿ ಸುಮ್ಮ ಬಿಡ್ತಾರೇನ್ರಿ?"

ಬಾಗಿಲಲ್ಲಿ ನಿಂತಿದ್ದ ಬಸಲಿಂಗಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯ ಮಾರಾಯರ, ನನ್ನ ಒಂದ ಮಾತು ಕೇಳಬಾರದಿತ್ತೇನ್ರಿ!" ಸೈಫುದ್ದೀನ ಮಾಸ್ತರರು ಕುರ್ಚಿಯ ಮೇಲೆ ಕುಸಿದು ಕೂತರು, ಆಮೇಲೆ ತಾವೂ ನಕ್ಕರು. ಅತ್ತರದ ಅಂಗಡಿಗೆ ಶುಕ್ರವಾರ ಮಧ್ಯಾಹ್ನ ಬೀಗ ಬೀಳುವುದು ಗೊತ್ತು, ಎತ್ತಿಗೂ ಒಂದು ಸೂಟಿ ಇರುತ್ತದೆಂದು ಯಾರು ಹೇಳಬೇಕು? ಶನಿವಾರದ ಹಜೇರಿಯಲ್ಲಿ ಒಂಬತ್ತೂ ಹೆಸರಿನ ಮುಂದೆ ಹಾಜರು ಎಂದು ಬರೆದರು. ಗುರುಬಸವ್ವನ ಅರ್ಜಿಗೆ ಅದೇ ದಿನ ಸಹಿ ಬಿತ್ತು.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. "ನೋಡ್ರಿ," ಎಂದರು ಮಾಸ್ತರರು ಮರುದಿನ, "ಮುಲ್ಕಿ ಪೇಪರು ತಗಿಯೋ ಸಾಹೇಬರಿಗಿ ನಿಮ್ಮ ಬಸವಣ್ಣ ಗೊತ್ತಿಲ್ಲ. ಇಂಥಾ ಲೆಕ್ಕ ಬಂದ್ರ ಸೋಮವಾರನೂ ಹಿಡದ ಎಣಸ್ಬೇಕು. ಇಲ್ಲಾಂದ್ರ ಮಾರ್ಕು ಹೋತು."

"ಅವತ್ತೊಂದಿನ ಕ್ವಾಣ ಹೂಡಿದ್ರ ನಡೀತೈತ್ರಿ!" ಎಂದ ಗೊಲ್ಲಾಳಪ್ಪ. ವರ್ಗವೆಲ್ಲ ಘೊಳ್ಳೆಂದಿತು. ಗುರುಬಸವ್ವ ನಗಲಿಲ್ಲ.

"ಬರೇ ಹಾಳ್ಯಾಗಂದ್ರೂ, ಹೂಡಿದವ್ರು ನಾವ ಆಗ್ತೀವಲ್ರಿ ಮಾಸ್ತರ್ರ," ಎಂದಳು.

"ಅದು ಬರೇ ಲೆಕ್ಕವಾ," ಎಂದರು ಮಾಸ್ತರರು. ಹೇಳಿದ್ದು ತಮಗೇ ಸಾಲಲಿಲ್ಲ.

ಪರೀಕ್ಷೆ ವಿಜಾಪುರದಲ್ಲಿ ನಡೆಯಿತು. ಕೊನೆಯ ದಿನ ಅಂಕಗಣಿತ. ಹೊರಗೆ ಹುಣಸೆ ಮರದ ನೆರಳಿನಲ್ಲಿ ಕಾಯುತ್ತಿದ್ದ ಮಾಸ್ತರರ ಹತ್ತಿರ ಎಂಟು ಮಂದಿ ಗದ್ದಲ ಮಾಡುತ್ತ ಓಡಿ ಬಂದರು. ಗುರುಬಸವ್ವ ಎಲ್ಲರಿಗಿಂತ ಹಿಂದೆ ಬಂದಳು. ಅಲ್ಲಿ ಕೇಳಲು ಮಾಸ್ತರರಿಗೆ ಧೈರ್ಯವಾಗಲಿಲ್ಲ. ಊರಿಗೆ ಮರಳುವ, ಇದ್ದಿಲಿನ ಹೊಗೆಯಿಂದ ಓಡುವ ಮೋಟಾರು ಬಸ್ಸು ಕೆಮ್ಮುತ್ತ ತೊರವಿ ದಾಟಿದ ಮೇಲೆ ಮೆಲ್ಲಗೆ ಕೇಳಿದರು, "ಬಂದಿತ್ತೇನವಾ?"

"ಬಂದಿತ್ರಿ, ಎತ್ತಿನ ಲೆಕ್ಕ."

"ಏನ ಬರದಿ?"

"ನೀವ ಹೇಳಿದ್ದ ಬರದೇನ್ರಿ." ಅವಳು ಮುಖವನ್ನು ಹೊಲಗಳ ಕಡೆ ತಿರುಗಿಸಿಕೊಂಡಳು. ಸಂತೋಷ ಪಡಬೇಕಾಗಿದ್ದ ಮಾಸ್ತರರಿಗೆ ಶಾಬಾಸ್ ಎನ್ನಲು ಬಾಯಿ ಬರಲಿಲ್ಲ.

ತಿಕೋಟಾ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಹುಡುಗಿಯನ್ನು ಮನೆಗೆ ಒಪ್ಪಿಸಿ ಹೋಗೋಣವೆಂದು ಮಾಸ್ತರರು ಅವಳ ಜೊತೆ ನಡೆದರು. ಕಟ್ಟೆಯ ಮೇಲೆ ಮಾವ ಅಡಕೆ ಕತ್ತರಿಸುತ್ತ ಕೂತಿದ್ದ. ಪರಸವ್ವ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಿಗೆ ಬಂದಳು. "ಹ್ಯಾಂಗಾತಬೇ ಪರೀಕ್ಷಾ? ಪಾಸಾಗ್ತಿಯೋ ಇಲ್ಲೋ?"

"ಆಗ್ತೇನಿ ಬೇ," ಎಂದಳು ಗುರುಬಸವ್ವ. ಮಾವನ ಅಡಕತ್ತು ಸುಮ್ಮನಾಯಿತು.

ಅವಳು ತಂಬಿಗೆಯನ್ನು ಮುಟ್ಟಲಿಲ್ಲ. ಚೀಲವನ್ನು ಹೊಸ್ತಿಲ ಮೇಲೆ ಇಟ್ಟು, ಅವ್ವನನ್ನು ದಾಟಿಕೊಂಡು ನೇರ ಗೋದಲಿಯ ಕಡೆ ಹೋದಳು. ಅಲ್ಲಿ ಮನೆಯ ಎರಡೂ ಎತ್ತುಗಳು ಕಣಿಕೆ ಮೆಲ್ಲುತ್ತಿದ್ದವು. ಒಂದೊಂದರ ಹೆಗಲನ್ನೂ, ನೊಗ ಕೂತು ಕೂತು ಕೂದಲು ಸವೆದ ಕಡೆಯಲ್ಲಿ, ಅಂಗೈಯಿಂದ ತಿಕ್ಕಿದಳು. ಆಮೇಲೆ ಬಗ್ಗಿ ಅವುಗಳ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಎತ್ತುಗಳು ಮೆಲ್ಲುತ್ತಲೇ ಇದ್ದವು.